ನಲವತ್ತೆಂಟು ಮುಖಗಳು

ಆವತ್ತು ಬೆಳಿಗ್ಗೆ ಬಿದ್ದದ್ದನ್ನು ಮಳೆ ಅನ್ನುವ ಹಾಗಿರಲಿಲ್ಲ, ಮಂಜು ಅನ್ನುವ ಹಾಗೂ ಇರಲಿಲ್ಲ. ಹಿಂಡದೆ ಹರವಿದ ಬಟ್ಟೆಯ ಹಾಗೆ ಆಕಾಶ ಜೋತುಬಿದ್ದು, ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳ ತಲೆಗಳನ್ನು ನುಂಗಿಕೊಂಡಿತ್ತು. ಮಾರಿಕುಪ್ಪಂ ರೈಲಿನಿಂದ ಉರಿಗಾಂನಲ್ಲಿ ಇಳಿದ ಮುನಿರತ್ನಮ್ಮ ಸೆರಗನ್ನು ತಲೆಗೆ ಹೊದ್ದು, ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡು, ಪ್ಲಾಟ್‌ಫಾರಮ್ಮಿನ ಮೇಲೆ ಸುಮ್ಮನೆ ನಿಂತಳು. ಇಂಥ ದಿನ ಸಕ್ಕರೆ ಒಣಗುವುದಿಲ್ಲ. ಮೊಟ್ಟೆಯ ಬಿಳಿಗೆ ಪುಡಿಸಕ್ಕರೆ ಹಾಕಿ ರಟ್ಟೆ ಬೀಳುವ ತನಕ ಕಡೆದರೂ, ಬರೆದ ಗೆರೆ ಬರೆದಲ್ಲಿ ನಿಲ್ಲದೆ ಬೆವರುತ್ತದೆ, ಜಾರುತ್ತದೆ. ಅವಳು ದುಡಿಯುವ ಬೇಕರಿಯ ಯಜಮಾನ ಕುಪ್ಪುಸ್ವಾಮಿಗೆ ಇದು ಗೊತ್ತು. ಗೊತ್ತಿದ್ದೂ ಕಳಿಸಿದ್ದಾನೆ. ಕೆಲಸ ಕೆಡಲಿ ಅಂತಲೇ ಕಳಿಸಿರಬಹುದೇ ಅಂತ ಒಂದು ಯೋಚನೆ ಬಂತು. ಛೆ, ಅವನಿಗೇನು ಲಾಭ ಅಂತ ಇನ್ನೊಂದು ಬಂತು. ಲಾಭವಿಲ್ಲದೆ ಯಾರೂ ಯಾರಿಗೂ ಕೇಡು ಮಾಡುವುದಿಲ್ಲವೇ ಅಂತ ಮೂರನೆಯದು ಬಂದಾಗ ಅವಳು ನಡೆಯತೊಡಗಿದಳು.

ನಿನ್ನೆ ಒಲೆಯ ಮುಂದೆ ಕೂತು ಬೀಡಿ ಹಚ್ಚುತ್ತ ಕುಪ್ಪುಸ್ವಾಮಿ ಹೇಳಿದ್ದ. "ಇಲ್ಡಾ ದೊರೆಸಾನಿ ಬಂಗ್ಲೇಲಿ ನಾಳೆ ಸಾಯಂಕಾಲ ಪಾರ್ಟಿ ಅಂತಮ್ಮಾ. ದೆವ್ವದ ಪಾರ್ಟಿ. ಅವ್ರ ಜನದಾಗೆ ವರ್ಸಕ್ಕೊಂದು ದಿನ ಅಂಗೆ ಮಾಡ್ತಾರೆ. ಡೋನಟ್ ಮೇಲೆ ದೆವ್ವದ ಮೊಕ ಬರೀಬೇಕಂತೆ, ನಲವತ್ತೆಂಟು. ನಿನ್ನನ್ನೇ ಕಳಿಸು ಅಂದವ್ರೆ."

"ನನ್ನನ್ನೇ ಅಂದ್ರಾ?"

"ಎಸ್ರು ಇಡ್ದು ಏಳಿದ್ರು. ಮುನಿರತ್ನಮ್ಮ ಅಂತ."

ಪೂರ್ತಿ ಹೆಸರು. ಆರು ವರ್ಷ ಆ ಬಂಗಲೆಯಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಮೇಜು ಒರೆಸಿದ ಕಾಲದಲ್ಲಿ ಅವಳು ಬರೀ ರತ್ನಾ ಆಗಿದ್ದಳು. ದೊರೆಸಾನಿಯ ಬಾಯಲ್ಲಿ ಮುನಿರತ್ನಮ್ಮ ಅಂತ ಪೂರ್ತಿ ಬಂದದ್ದು ಒಂದೇ ಸಲ, ಹನ್ನೆರಡು ಬೆಳ್ಳಿ ಚಮಚಗಳಲ್ಲಿ ಒಂದು ಇಲ್ಲವೆಂದಾದ ದಿನ. ಬೈಯಲಿಲ್ಲ, ಪೊಲೀಸು ಅನ್ನಲಿಲ್ಲ. "ಮುನಿರತ್ನಮ್ಮ, ನೀನು ನಾಳೆ ಬರೋದು ಬೇಡ" ಅಂದರು ಅಷ್ಟೆ. ಬೈದಿದ್ದರೆ ತಿರುಗಿ ಅತ್ತು ಕರೆದು ಹೇಳಿಕೊಳ್ಳಬಹುದಿತ್ತು. ಮೆತ್ತಗೆ ಹೇಳಿದ ಮಾತಿಗೆ ಎಲ್ಲಿಂದ ಹಿಡಿ ಸಿಕ್ಕೀತು? ಚೀಟಿಯನ್ನೂ ಕೊಡಲಿಲ್ಲ. ಬಂಗಲೆಗಳಲ್ಲಿ ದುಡಿದವರಿಗೆ ಚೀಟಿಯೇ ಕುಲ, ಚೀಟಿಯೇ ಗೋತ್ರ. ಇಂಥವಳು ನಮ್ಮಲ್ಲಿ ಇಷ್ಟು ವರ್ಷ ಇದ್ದಳು, ನಂಬಿಕಸ್ಥಳು ಎಂದು ದೊರೆಸಾನಿಯರು ಬರೆದುಕೊಟ್ಟ ಹಾಳೆಯನ್ನು ಓದಲು ಬಾರದ ಹೆಂಗಸರು ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ಚೀಟಿಯಿಲ್ಲದವಳನ್ನು ಕಂಡರೆ ಬಾಗಿಲು ಅರ್ಧ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಈ ಮೂರು ವರ್ಷ ಅವಳು ಬೇಕರಿಯಲ್ಲಿ, ಓದಲಾರದ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿಯಂತೆ ನೋಡಿ ನೋಡಿ ಕೇಕಿನ ಮೇಲೆ ಬರೆಯುತ್ತ ಬದುಕಿದ್ದಳು. ಈಗ ಬಂಗಾರಪೇಟೆಯಲ್ಲಿ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಕಾನ್ವೆಂಟಿನ ಹಾಸ್ಟೆಲ್ಲಿಗೆ ಅಡುಗೆಯವಳು ಬೇಕಾಗಿದ್ದಳು. "ಕೈರುಚಿ ಆಮೇಲೆ. ಹಿಂದೆ ಇದ್ದ ಮನೆಯ ಚೀಟಿ ತಗೊಂಡು ಬಾ, ಸೋಮವಾರದೊಳಗೆ" ಅಂದಿದ್ದರು ಅಲ್ಲಿಯ ಅಮ್ಮನವರು. ಇವತ್ತು ಶುಕ್ರವಾರ. ಚೀಟಿಯನ್ನು ಕೇಳಲೇಬೇಕು. ಆದರೆ ತಾನಾಗಿ ಹೋಗುವ ಮೊದಲು ಅವರಾಗಿ ಕರೆಸಿದ್ದಾರೆ. ಯಾಕೆ ಕರೆಸಿದರು? ಚಮಚ ಸಿಕ್ಕಿತೇ? ಇನ್ನೊಂದು ಹೋಯಿತೇ?

ಬಂಗಲೆಯ ಹಿಂಬಾಗಿಲಿಗೆ ಹೋಗುವಾಗ ಅವಳ ಕಾಲು ತಾನಾಗಿಯೇ ಮುರಿದ ಮೆಟ್ಟಿಲನ್ನು ದಾಟಿ ಮೇಲಿನದಕ್ಕೆ ಹೋಯಿತು. ಕಾಲಿಗೆ ಯಾರ ಮೇಲೂ ಅನುಮಾನವಿಲ್ಲ.

"ಬಾಮ್ಮಿ, ಬಾ. ನೆಂದಿದ್ದೀಯಾ?" ಅಂದವಳು ಕನಕಮ್ಮ, ಇಪ್ಪತ್ತು ವರ್ಷದಿಂದ ಆ ಮನೆಯ ಅಡುಗೆಯವಳು. ಎಣ್ಣೆಯ ಬಾಣಲೆಯ ಮುಂದೆ ನಿಂತಿದ್ದಳು. ಜಾಲರಿಯ ಸೌಟು ಎಡಗೈಯಲ್ಲಿತ್ತು. ಮುನಿರತ್ನಮ್ಮ ಅದನ್ನು ಮೊದಲು ನೋಡಿದಳು, ಆಮೇಲೆ ಬಲಗೈಯನ್ನು ನೋಡಿದಳು. ಬಲಗೈಯ ಮೂರು ಬೆರಳುಗಳು ಒಳಕ್ಕೆ ಮಡಿಸಿಕೊಂಡು ಅಂಗೈಗೆ ಅಂಟಿದ್ದವು, ಒಣಗಿದ ಅವರೆಕಾಯಿಯ ಹಾಗೆ.

"ಕೈಗೇನಾಯ್ತು ಕನಕಕ್ಕ?"

"ಓದ ಸಂಕ್ರಾಂತಿ ಆದ್ಮೇಲೆ ಒಂದಿನ ಎದ್ದಾಗ ಇಂಗಿತ್ತು. ನರ ಅಂದ್ರು ಡಾಕ್ಟ್ರು. ಎಣ್ಣೆ ತಿಕ್ಕು ಅಂದ್ರು. ತಿಕ್ಕಿದ್ದೇ ಬಂತು, ಎಣ್ಣೆಗೆ ಸಂತೋಸ ಆಯ್ತೇ ಒರ್ತು ಬೆರಳಿಗೆ ಆಗ್ಲಿಲ್ಲ."

ಕನಕಮ್ಮ ನಕ್ಕಳು. ಮುನಿರತ್ನಮ್ಮನಿಗೆ ನಗು ಬರಲಿಲ್ಲ. ಅವಳ ಅಂಗೈ ಉರಿಯತೊಡಗಿತು. ಮೂರು ವರ್ಷದ ಹಿಂದಿನ ಒಂದು ಮಂಗಳವಾರ, ಕಾಮಸಮುದ್ರದ ಆಚೆ ತನ್ನ ತವರೂರಿನ ಬೇವಿನ ಮರದಡಿ, ಗ್ರಾಮದೇವತೆ ಮುತ್ಯಾಲಮ್ಮನ ಕಲ್ಲಿನ ಮುಂದೆ ಏಳು ಒಣಮೆಣಸಿನಕಾಯಿ ಅರೆದಾಗಿನ ಉರಿ ಅದು. ಕಳವಾದರೆ, ಸುಳ್ಳು ಅಪವಾದ ಬಂದರೆ, ಆ ಸೀಮೆಯವರು ಅಮ್ಮನಿಗೆ ದೂರು ಕೊಡುವುದೇ ಹಾಗೆ. ಅರೆದದ್ದನ್ನು ಬರಿಗೈಯಲ್ಲಿ ಕಲ್ಲಿಗೆ ಬಳಿಯಬೇಕು. ಉರಿ ತಾಳಲಾರದೆ ಅಮ್ಮ ಕದ್ದವರನ್ನು ಹುಡುಕಿಕೊಂಡು ಹೊರಡುತ್ತಾಳೆ. "ಎಸ್ರು ಏಳ್ಬೇಕಮ್ಮ, ಎಸ್ರಿಲ್ದಿದ್ರೆ ಅಮ್ಮ ಯಾರ ಮನೆಗೆ ಓಗ್ತಾಳೆ?" ಎಂದಿದ್ದಳು ಪೂಜಾರಿಯ ಹೆಂಡತಿ. ಮುನಿರತ್ನಮ್ಮ ಹೇಳಿದ್ದಳು. ಬಂಗಲೆಯಲ್ಲಿ ಒಳಗೆ ಓಡಾಡುವವರು ಇಬ್ಬರೇ, ತಾನಲ್ಲ ಅಂದಮೇಲೆ ಅವಳೇ. ಕನಕಮ್ಮ. ತಗೊಂಡ ಕೈ ಸೇದಿಹೋಗಲಿ, ಅವಳ ಮೊಕ ನಾಲ್ಕು ಜನರ ಮುಂದೆ ಬೀಳಲಿ.

ಕೈ ಸೇದಿಹೋಗಿದೆ. ಹಾಗಾದರೆ ಇವಳೇ ಕಳ್ಳಿ, ಅಮ್ಮ ಸಾಕ್ಷಿ ಹೇಳಿದ್ದಾಳೆ. ಆ ಯೋಚನೆಯಿಂದ ಬರಬೇಕಾದ ನೆಮ್ಮದಿ ಬರಲಿಲ್ಲ. ಬರೀ ನರವಾಗಿದ್ದರೆ? ಇವಳು ತೆಗೆಯದೆಯೂ ಕೈ ಹೋಗಿದ್ದರೆ? ಅಮ್ಮ ತನ್ನ ಮಾತನ್ನು ನಂಬಿ ತಪ್ಪು ಮನೆಗೆ ಹೋಗಿಬಂದಿದ್ದರೆ, ಆ ತಪ್ಪು ಯಾರ ತಲೆಗೆ?

"ಆಹ್, ರತ್ನಾ!" ಹಿಲ್ಡಾ ದೊರೆಸಾನಿ ಅಡುಗೆಮನೆಗೆ ಬಂದರು. ಗಣಿಯಲ್ಲಿ ಕ್ಯಾಪ್ಟನ್ ಅನ್ನಿಸಿಕೊಂಡ ಮೇಲ್ವಿಚಾರಕನಾಗಿದ್ದ ಗಂಡ ಸತ್ತು ಹತ್ತು ವರ್ಷವಾಗಿದ್ದರೂ ಈಗಲೂ ಬೆಳಿಗ್ಗೆಯೇ ಪೌಡರ್ ಹಾಕಿ, ಮುತ್ತಿನ ಸರ ಹಾಕಿ ತಯಾರಾಗುವ ಆಂಗ್ಲೋ ಇಂಡಿಯನ್ ಮುದುಕಿ. ಕೈಯಲ್ಲೊಂದು ಬಣ್ಣದ ಹಾಳೆ, ಆಸ್ಟ್ರೇಲಿಯಾದ ಮಗಳು ಕಳಿಸಿದ್ದು. "ನೋಡು, ಹೀಗೆ ಬೇಕು. ದೆವ್ವ. ಮಕ್ಕಳಿಗೆ ಭಯ ಆಗ್ಬೇಕು, ಆದ್ರೆ ನಗುನೂ ಬರ್ಬೇಕು. ನಿನ್ನ ಕೈಯಲ್ಲಿ ಆಗುತ್ತೆ ಅಂತ ನನಗೆ ಗೊತ್ತು." ಬೆರಳು ಹಾಳೆಯ ಮೇಲಿತ್ತು, ಕಣ್ಣು ಮುನಿರತ್ನಮ್ಮನ ಚೀಲದ ಮೇಲಿತ್ತು. ಅಥವಾ ಇರಲಿಲ್ಲ. ಅವಳಿಗೆ ಹಾಗೆ ಕಂಡಿತು. ದೊರೆಸಾನಿ ಊಟದ ಕೋಣೆಗೆ ತಿರುಗಿ ಹೋದರು. ತುಸು ಹೊತ್ತಿನಲ್ಲಿ ಬೀರುವಿನ ಖಾನೆಗೆ ಬೀಗ ಹಾಕಿದ ಸದ್ದು ಕೇಳಿತು. ಅದು ದಿನವೂ ಹಾಕುವ ಬೀಗವೇ ಇರಬಹುದು. ಇವತ್ತು ಹಾಕಿದ ಬೀಗವೂ ಇರಬಹುದು. ಕೇಳಿಸಲಿ ಅಂತ ಹಾಕಿದ್ದರೇ? ಕೇಳಿಸದಿರಲಿ ಅಂತ ಮೆತ್ತಗೆ ಹಾಕಿದ್ದರೇ? ಚೀಟಿ ಕೇಳುವುದನ್ನು ಬಿಟ್ಟು ಅವಳು ಚೀಲವನ್ನು ಗೂಟಕ್ಕೆ ನೇತುಹಾಕಿದಳು.

ಡೋನಟ್ಟುಗಳು ಬೆತ್ತದ ತಟ್ಟೆಯಲ್ಲಿ ಆರುತ್ತಿದ್ದವು. "ವಡೆಗೆ ಸಕ್ಕರೆ ಕಾಯಿಲೆ ಬಂದಂಗೈತೆ ನೋಡು," ಅಂದಳು ಕನಕಮ್ಮ. "ಉದ್ದು ಆಕಿದ್ರೆ ನಾವೂ ತಿನ್ಬೌದಿತ್ತು." ಮುನಿರತ್ನಮ್ಮ ಬಟರ್ ಪೇಪರನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ತುದಿ ಕತ್ತರಿಸಿ, ಬಿಳಿ ಸಕ್ಕರೆ ತುಂಬಿದಳು. ಇನ್ನೊಂದರಲ್ಲಿ ಕೋಕೋ ಕಲಸಿದ ಕಪ್ಪು, ಮತ್ತೊಂದರಲ್ಲಿ ಕೆಂಪು. ಒಂದೊಂದರ ಮೇಲೂ ಬಿಳಿಯನ್ನು ಸುರಿದು ಅಂಚಿನಲ್ಲಿ ಇಳಿಬಿಟ್ಟಳು. ಹಾಳೆಯ ಚಿತ್ರದಲ್ಲೂ ಹಾಗೇ ಇತ್ತು, ಹರಿದ ದುಪ್ಪಟಿ ಹೊದ್ದ ದೆವ್ವ. ನಡುವಿನ ತೂತೇ ಅದರ ಬಾಯಿ. ಆ ತೂತಿನ ಸುತ್ತ ಕೆಂಪಿನಲ್ಲಿ ತುಟಿ, ತುಟಿಯೊಳಗೆ ಹಲ್ಲು, ಹುಬ್ಬು, ಕೆನ್ನೆಗೆ ಎರಡು ಸುಕ್ಕು. ಹಾಳೆಯ ದೆವ್ವಗಳು ಬೆಪ್ಪಾಗಿದ್ದವು. ಅವಳ ಕೈಯಿಂದ ಬಂದವು ಬೆಪ್ಪಾಗಿರಲಿಲ್ಲ. ಅವು ಅಪ್ಪನ ಮುಖಗಳು.

ಅಪ್ಪ ಆಂಜಿನಪ್ಪ ಸುತ್ತ ಹತ್ತು ಹಳ್ಳಿಗೆ ದೃಷ್ಟಿಮುಖ ಬರೆಯುವವನು. ಹೊಸ ಮನೆ ಏಳಲಿ, ಬಾವಿ ತೋಡಲಿ, ಬೂದುಗುಂಬಳಕಾಯಿಯ ಮೇಲೆ, ಮಡಕೆಯ ಬೆನ್ನಿನ ಮೇಲೆ ಸುಣ್ಣ, ಮಸಿ, ಕುಂಕುಮದಲ್ಲಿ ಆ ಮುಖ ಬರೆದು ತೂಗಿಬಿಡುತ್ತಿದ್ದ. ಇವಳು ಪಕ್ಕದಲ್ಲಿ ಕೂತು ಹಲ್ಲು ತುಂಬುತ್ತಿದ್ದಳು. ಕಣ್ಣಿಗೆ ಮಾತ್ರ ಕೈ ಹಾಕಗೊಡುತ್ತಿರಲಿಲ್ಲ. ಕಣ್ಣು ಕೊನೆಗೆ. "ಕಣ್ಣು ಬಿಡೋವರ್ಗೂ ಅದು ಕುಂಬ್ಳಕಾಯಿ ಕಣಮ್ಮ. ಕಣ್ಣು ಬಿಟ್ಟಾಗ ಮೊದ್ಲು ಯಾರನ್ನ ನೋಡ್ತದೋ ಅವ್ರ ಒಳಗಿನ ಕೆಟ್ಟದ್ದೆಲ್ಲ ಅದು ಎಳ್ಕೊಂಡ್ಬುಡ್ತದೆ. ಅದಕ್ಕೇ ಬೀದಿ ಕಡೆ ತಿರುಗಿಸಿ ಬರೀಬೇಕು, ಮನೆ ಕಡೆ ಅಲ್ಲ." ಎಳೆದುಕೊಂಡ ಮುಖವನ್ನು ಮತ್ತೆ ಒಳಗೆ ತರುವ ಹಾಗಿಲ್ಲ. ಆ ಕಾಯಿಯನ್ನು ಯಾರೂ ಹುಳಿಗೆ ಹಾಕುವುದಿಲ್ಲ. ಮೂರು ದಾರಿ ಸೇರುವಲ್ಲಿ ಒಡೆದು, ತಿರುಗಿ ನೋಡದೆ ಬರಬೇಕು. ಇಲ್ಲಿ ಮಕ್ಕಳು ತಿನ್ನುತ್ತಾರೆ. ಯಾರೋ ಹೆತ್ತ ಮಕ್ಕಳು, ಕೆನ್ನೆಗೆ ಸಕ್ಕರೆ ಮೆತ್ತಿಕೊಂಡು ನಗುನಗುತ್ತ. ಅವಳು ಒಂದೊಂದನ್ನೇ ಅಡುಗೆಮನೆಯ ಕುರುಡುಗೋಡೆಯ ಕಡೆ ತಿರುಗಿಸಿಟ್ಟಳು. ಗೋಡೆಗೆ ಒಳಗೆ ಹೊಟ್ಟೆಕಿಚ್ಚಿಲ್ಲ, ಗೋಡೆಯನ್ನು ನೋಡಿದ ಮುಖ ಬರೀ ಸಕ್ಕರೆ. ಅಂದುಕೊಂಡ ಹಾಗೆಯೇ ತೇವಕ್ಕೆ ಹುಬ್ಬುಗಳು ಜಾರುತ್ತಿದ್ದವು. ಕಟ್ಟೆಯ ಮೇಲೆ ಇದ್ದಲಿನ ಸಣ್ಣ ಬಾಂಡಲಿಯಿಟ್ಟು ಅದರ ಹಬೆಯಿಲ್ಲದ ಕಾವಿಗೆ ತಟ್ಟೆಯನ್ನು ಹಿಡಿದು ನಿಲ್ಲಿಸಿದಳು.

ನಲವತ್ತೆಂಟೂ ಕುರುಡಾಗಿ ಸಾಲಾಗಿ ಕೂತಮೇಲೆ ಮೊದಲನೆಯದನ್ನು ಕೈಗೆತ್ತಿಕೊಂಡಳು. ಗೋಡೆಯ ಕಡೆ ತಿರುಗಿಸಬೇಕಾದ ಕೈ ನಡುವೆ ನಿಂತಿತು.

ಒಂದೇ ಒಂದು. ಇವಳ ಕಡೆ ತಿರುಗಿಸಿ ಬಿಟ್ಟರೆ ತಿಳಿದುಹೋಗುತ್ತದೆ. ಒಳಗೆ ಕಳವಿದ್ದವರು ದೃಷ್ಟಿಮುಖದ ಕಣ್ಣಿಗೆ ಕಣ್ಣು ಕೊಡಲಾರರು. ಹಿಂದೆ ಊರಿನಲ್ಲಿ ಬಾಗಿಲಿಗೆ ಕಟ್ಟಿದ ಅಪ್ಪನ ಮಡಕೆಯನ್ನು ತಪ್ಪಿಸಿಕೊಂಡು ಹಿತ್ತಲ ದಾರಿಯಿಂದ ಬರುತ್ತಿದ್ದವರನ್ನು ಅವಳೇ ನೋಡಿಲ್ಲವೇ? ಅಮ್ಮನ ಸಾಕ್ಷಿ ಸಾಲದೆ ಇನ್ನೊಂದು ಸಾಕ್ಷಿಯೇ ಅಂತ ಒಳಗಿನಿಂದ ಯಾರೋ ಕೇಳಿದರು. ಸಾಲದು ಅಂದಳು. ಬಿಳಿಯ ಮೇಲೆ ಎರಡು ಕಪ್ಪು ಬೊಟ್ಟು. ಮುಖ ಕನಕಮ್ಮನ ಕಡೆಗಿತ್ತು.

"ಕನಕಕ್ಕ, ನೋಡಿಲ್ಲಿ."

ಕನಕಮ್ಮ ಬಾಣಲೆ ಬಿಟ್ಟು ಬಗ್ಗಿದಳು. ಕಣ್ಣಿಗೆ ಕಣ್ಣಿಟ್ಟು, ರೆಪ್ಪೆ ಬಡಿಯದೆ ನೋಡಿದಳು. "ಅಯ್ಯೋ ನಮ್ಮತ್ತೆ!" ಅಂದಳು. "ಅದೇ ಅಲ್ಲು, ಅದೇ ಉರಿಗಣ್ಣು. ಸತ್ತು ಇಪ್ಪತ್ತು ವರ್ಸ ಆಯ್ತು, ಇಲ್ಡಾ ದೊರೆಸಾನಿ ಮನೇಗೆ ಪಾರ್ಟಿಗೆ ಬಂದವ್ಳೆ ನೋಡು!" ಸೌಟು ಹಿಡಿದ ಕೈಯನ್ನು ಸೊಂಟಕ್ಕಿಟ್ಟು, ಎದೆ ತುಂಬಿ ನಕ್ಕಳು.

ಹಾಗೆ ನಗುವುದಕ್ಕೆ ಒಂದೋ ಒಳಗೆ ಏನೂ ಇರಬಾರದು, ಇಲ್ಲವೇ ಒಳಗೆಲ್ಲ ಕಲ್ಲಾಗಿರಬೇಕು. ಎರಡರಲ್ಲಿ ಯಾವುದು ಅಂತ ಮುನಿರತ್ನಮ್ಮನಿಗೆ ತಿಳಿಯಲಿಲ್ಲ. ಆದರೆ ಕೈಯಲ್ಲಿದ್ದದ್ದು ಈಗ ತಿಂಡಿಯಾಗಿ ಉಳಿದಿಲ್ಲ ಅನ್ನುವುದು ತಿಳಿಯಿತು. ಒಬ್ಬ ಹೆಂಗಸನ್ನು ಅದು ನೋಡಿಬಿಟ್ಟಿದೆ. ಅದನ್ನು ಮಗುವೊಂದು ಕಚ್ಚಬಾರದು. ಅಯ್ಯೋ ಮುಂಡೇದೇ, ಏನು ಮಾಡಿದೆ ಅಂತ ತನ್ನನ್ನೇ ಬೈದುಕೊಂಡಳು. ಕನಕಮ್ಮ ಬಾಣಲೆಗೆ ತಿರುಗಿದ ಮೇಲೆ ಅದನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ಗೂಟಕ್ಕೆ ನೇತುಹಾಕಿದ್ದ ಚೀಲದೊಳಗೆ ಇಳಿಬಿಟ್ಟಳು. ಹೋಗುವಾಗ ಸ್ಟೇಷನ್ನಿನ ಮುಂದಿನ ಮೂರು ದಾರಿಯಲ್ಲಿ ಒಡೆದು ಹೋದರಾಯಿತು. ಉಳಿದ ನಲವತ್ತೇಳಕ್ಕೂ ಗೋಡೆಯನ್ನು ತೋರಿಸಿ ಕಣ್ಣು ಬಿಟ್ಟಳು. ಮುಗಿಯುವಾಗ ಗಣಿಯ ಎರಡು ಗಂಟೆಯ ಸೈರನ್ ಕೂಗಿತು.

"ರತ್ನಮ್ಮ," ಅಂದಳು ಕನಕಮ್ಮ. ಒಲೆ ಆರಿಸಿ, ಮಣೆ ಎಳೆದು ಎದುರಿಗೆ ಕೂತಿದ್ದಳು. ದನಿಯಲ್ಲಿ ಬೆಳಗಿನ ತಮಾಷೆ ಇರಲಿಲ್ಲ. "ನಿನ್ನ ಕರೆಸಿ ಅಂತ ದೊರೆಸಾನಿಗೆ ಏಳ್ದೋಳು ನಾನೇ."

"ನೀನಾ? ಯಾತಕ್ಕೆ?"

"ಒಂದು ಮಾತೈತೆ. ಆವತ್ತು ನೀನು ಕೆಲ್ಸ ಮುಗ್ಸಿ ರೈಲಿಗೋದ ಮೇಲೆ, ಸಂಜೆ ಚಮ್ಚ ತೊಳ್ದು ಎಣ್ಸಿಟ್ಟೋಳು ನಾನು. ಅನ್ನೆರಡಿತ್ತು. ಬೆಳಗ್ಗೆ ನೀನು ಬರೋ ಮುಂಚೇನೆ ಅನ್ನೊಂದಾಗಿತ್ತು."

ಮುನಿರತ್ನಮ್ಮನ ಕೈಯಲ್ಲಿದ್ದ ಕಾಗದದ ಪೊಟ್ಟಣದಿಂದ ಕಪ್ಪು ಸಕ್ಕರೆ ನೂಲಿನಂತೆ ಇಳಿದು ಸೀರೆಯ ಮೇಲೆ ಬಿತ್ತು. "ಮತ್ತೆ ಯಾಕಕ್ಕ ಬಾಯಿ ಬಿಡ್ಲಿಲ್ಲ?"

"ನೀನಲ್ಲ ಅಂದ್ರೆ ಮಿಕ್ಕೋಳು ನಾನೊಬ್ಳೇ ತಾನೆ?"

"ಅಂಗಾದ್ರೆ ತಗೊಂಡೋರ್ಯಾರು?"

"ಆ ಮುತ್ಯಾಲಮ್ಮನಿಗೇ ಗೊತ್ತು."

ಯಾಕೆ ಆ ಹೆಸರು? ಊರಿಗೊಬ್ಬ ಅಮ್ಮ ಇರುವಾಗ, ಇಲ್ಲಿಯೇ ಚಾಂಪಿಯನ್ ಗಣಿಯ ಕೇರಿಗಳಲ್ಲಿ ಎಷ್ಟೋ ದೇವರು ಇರುವಾಗ, ಇವಳ ಬಾಯಿಗೆ ಮುತ್ಯಾಲಮ್ಮ ಯಾಕೆ ಬಂದಳು? ಮೆಣಸಿನಕಾಯಿಯ ವಿಷಯ ಇವಳಿಗೆ ಗೊತ್ತು. ಗೊತ್ತಾಗಿ, ಕೈ ಸರಿಹೋಗಲಿ ಅಂತ, ದೂರನ್ನು ವಾಪಸು ತೆಗೆದುಕೊಳ್ಳಲಿ ಅಂತ ಈ ಕತೆ ಕಟ್ಟಿದ್ದಾಳೆ. ಅದಕ್ಕೇ ಕರೆಸಿದ್ದಾಳೆ. ಮುನಿರತ್ನಮ್ಮ ಆ ಸೇದಿದ ಬೆರಳುಗಳನ್ನು ನೋಡಿದಳು, ಮುಖವನ್ನು ನೋಡಿದಳು, ಮತ್ತೆ ಬೆರಳುಗಳನ್ನು ನೋಡಿದಳು. ಕನಕಮ್ಮನ ಮುಖದಲ್ಲಿ ಬೇಡುವ ಭಾವ ಇರಲಿಲ್ಲ. ದಣಿವು ಇತ್ತು. ಮೂರು ವರ್ಷ ಹೊತ್ತ ನೀರಿನ ಬಿಂದಿಗೆಯನ್ನು ಕಟ್ಟೆಯ ಮೇಲೆ ಇಳಿಸಿದವಳ ದಣಿವು. ಆದರೂ ಅನುಮಾನ ಎದ್ದು ಹೋಗಲಿಲ್ಲ. ಅದು ನೆಂಟನ ಹಾಗೆ ಬಂದು ಈಗ ಮನೆಯವನೇ ಆಗಿಬಿಟ್ಟಿತ್ತು.

"ವಂಡರ್‌ಫುಲ್!" ಹಿಂದಿನಿಂದ ದೊರೆಸಾನಿಯ ದನಿ. ಮುಖಗಳ ಮೇಲೆ ಬಗ್ಗಿ, ಕನ್ನಡಕ ಏರಿಸಿ, ಇಳಿಸಿ, ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ನನಗೇ ಭಯ ಆಗ್ತಿದೆ, ರತ್ನಾ!" ಆ ಸಂತೋಷದ ಬಾಗಿಲು ಮುಚ್ಚುವ ಮೊದಲೇ ನುಗ್ಗಬೇಕೆಂದು ಮುನಿರತ್ನಮ್ಮ ಒಂದೇ ಉಸಿರಿಗೆ ಕಾನ್ವೆಂಟು, ಸೋಮವಾರ, ಚೀಟಿ ಎಲ್ಲವನ್ನೂ ಹೇಳಿಬಿಟ್ಟಳು. ದೊರೆಸಾನಿ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಆ ಸ್ವಲ್ಪ ಹೊತ್ತಿನಲ್ಲಿ ಮುನಿರತ್ನಮ್ಮ ಮನಸ್ಸಿನಲ್ಲೇ ಮೂರು ಸಲ ಬೇಡ ಅನ್ನಿಸಿಕೊಂಡಳು, ಮೂರು ಸಲ ಹಿಂಬಾಗಿಲಿನಿಂದ ಇಳಿದು ಹೋದಳು. ಆಮೇಲೆ ದೊರೆಸಾನಿ ಒಳಗೆ ಹೋಗಿ, ನೀಲಿ ಹಾಳೆಯೊಂದರ ಮೇಲೆ ಬರೆದು ತಂದು, ಓದಿ ಹೇಳಿದರು. "ಆರು ವರ್ಷ ಇದ್ದಳು. ಶುಚಿ. ಕೈ ಚೆನ್ನಾಗಿದೆ. ಆನೆಸ್ಟ್. ನಂಬಬಹುದು ಅಂತ. ಸರಿನಾ?"

ಎರಡೂ ಕೈ ಚಾಚಿ ಪ್ರಸಾದದ ಹಾಗೆ ತೆಗೆದುಕೊಂಡಳು. ಗೂಟದಿಂದ ಚೀಲ ತೆಗೆದು ಹಾಳೆಯನ್ನು ಒಳಗಿಡುವಾಗ ಬೆರಳಿಗೆ ನ್ಯೂಸ್ ಪೇಪರಿನ ಪೊಟ್ಟಣ ತಾಗಿತು.

"ಫಾರ್ಟಿ ಫೈವ್, ಫಾರ್ಟಿ ಸಿಕ್ಸ್, ಫಾರ್ಟಿ ಸೆವೆನ್." ದೊರೆಸಾನಿ ಎಂಟೆಂಟರ ಸಾಲಾಗಿ ತಟ್ಟೆಗೆ ಜೋಡಿಸುತ್ತಿದ್ದರು. ಕೊನೆಯ ಸಾಲಿನ ಕೊನೆಯಲ್ಲಿ ಒಂದರಷ್ಟು ಜಾಗ ಖಾಲಿ ಉಳಿಯಿತು. ಮೇಜಿನ ಕೆಳಗೆ ನೋಡಿದರು. ಬೆತ್ತದ ತಟ್ಟೆಯನ್ನು ಎತ್ತಿ ನೋಡಿದರು. ಆಮೇಲೆ ಎಲ್ಲಿಯೂ ನೋಡಲಿಲ್ಲ. ಎಲ್ಲಿ ನೋಡಬಾರದೆಂದುಕೊಂಡರೋ ಅಲ್ಲಿ, ಮುನಿರತ್ನಮ್ಮನ ಕಂಕುಳಿನಲ್ಲಿ, ಚೀಲವಿತ್ತು. "ಕನಕ, ನಲವತ್ತೆಂಟು ಮಾಡಿದ್ದೆ ಅಲ್ವಾ?" ಅಂದರು ಅದೇ ಮೆತ್ತನೆಯ ದನಿಯಲ್ಲಿ.

ಹೇಳಬೇಕು ಅಂದುಕೊಂಡಳು ಮುನಿರತ್ನಮ್ಮ. ಏನೆಂದು ಹೇಳುವುದು? ಅದು ಕನಕಮ್ಮನನ್ನು ನೋಡಿಬಿಟ್ಟಿತು ದೊರೆಸಾನಿ, ಮಕ್ಕಳು ತಿನ್ನಬಾರದು, ಮೂರು ದಾರಿಯಲ್ಲಿ ಒಡೆಯಬೇಕು ಅಂತಲೇ? ಯಾವ ಭಾಷೆಯಲ್ಲಿ? ಹೇಳಿದರೆ ಯಾಕೆ ನೋಡಿತು ಅನ್ನುತ್ತಾರೆ. ಯಾಕೆ ಅಂದರೆ ಮೆಣಸಿನಕಾಯಿಯ ತನಕ ಹೋಗಬೇಕು.

"ನಾನೇ ತಿಂದೆ ದೊರೆಸಾನಿ," ಅಂದಳು ಕನಕಮ್ಮ.

ಮುನಿರತ್ನಮ್ಮ ತಿರುಗಿ ನೋಡಿದಳು. ಕನಕಮ್ಮ ಅವಳನ್ನು ನೋಡಲಿಲ್ಲ. "ಬೆಳಗ್ಗಿಂದ ಒಟ್ಟೇಗೇನೂ ಬಿದ್ದಿರ್ಲಿಲ್ಲ. ಕೈ ತಡೀಲಿಲ್ಲ."

"ಒಂದಲ್ಲ, ನಾಲ್ಕು ತಿನ್ನು. ಕೇಳಬಹುದಿತ್ತಲ್ಲ? ಇಪ್ಪತ್ತು ವರ್ಷ ಆಯ್ತು ನೀನು ಬಂದು." ದೊರೆಸಾನಿ ನಗಲು ಹೊರಟವರು ನಡುವೆ ನಿಂತರು. ಊಟದ ಕೋಣೆಯ ಬೀರುವಿನ ಕಡೆ ಅವರ ಮುಖ ನಿಧಾನವಾಗಿ ತಿರುಗಿತು. "ಕನಕ... ಹಾಗಾದ್ರೆ ಆ ಸ್ಪೂನು?"

ಕನಕಮ್ಮ ತುಟಿ ಬಿಚ್ಚಲಿಲ್ಲ. ನಾನಲ್ಲ ಅಂದಿದ್ದರೆ ಮಿಕ್ಕವಳು ಒಬ್ಬಳೇ.

"ಓ ಗಾಡ್," ಅಂದರು ದೊರೆಸಾನಿ. ಕುರ್ಚಿಯ ಬೆನ್ನು ಹಿಡಿದುಕೊಂಡರು. "ರತ್ನಾ, ಮೂರು ವರ್ಷ ನಾನು ನಿನ್ನ ಮೇಲೆ... ಸಾರಿ, ಮ್ಯಾನ್. ವೆರಿ ಸಾರಿ." ಮುದಿ ಕಣ್ಣುಗಳಲ್ಲಿ ನಿಜವಾಗಿಯೂ ನೀರಿತ್ತು. "ಪಾರ್ಟಿ ಮುಗೀಲಿ, ಕನಕ. ನಾಳೆ ನೀನು ಬರೋದು ಬೇಡ."

ಕೇಳಿದ್ದೆಲ್ಲ ಸಿಕ್ಕಿತು. ಚೀಟಿ ಸಿಕ್ಕಿತು, ಕ್ಷಮಾಪಣೆಯೂ ಸಿಕ್ಕಿತು. ಬೇವಿನ ಮರದಡಿ ಅಂಗೈ ಸುಟ್ಟುಕೊಂಡು ಕೇಳಿದ್ದೂ ಸಿಕ್ಕಿತು, ಹೇಳಿದ ಹೆಸರಿಗೇ, ಹೇಳಿದ ಮಾತಿನಂತೆಯೇ, ಕೈ ಸೇದಿಹೋಗಿದೆ, ಮುಖ ಬಿದ್ದಿದೆ. ಅಮ್ಮ ಕಿವುಡಿಯಲ್ಲ. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಾಳೆ. ಈಗ ಮಾಡಬೇಕಾದದ್ದು ಇಷ್ಟೆ. ಚಪ್ಪಲಿ ಮೆಟ್ಟಿ ಹಿಂಬಾಗಿಲು ದಾಟಿದರೆ ಮೂರೂವರೆಯ ರೈಲು, ಬಂಗಾರಪೇಟೆ, ಸೋಮವಾರ. ಕನಕಮ್ಮನೇ ತಾನೇ ಒಪ್ಪಿಕೊಂಡದ್ದು, ಯಾರು ಹೇಳೆಂದರು? ಚೀಲಕ್ಕೆ ಹಾಕಿದ್ದನ್ನು ನೋಡಿದ್ದಾಳೆ. ನೋಡಿ, ಮನೆಯಲ್ಲಿ ಯಾರಿಗೋ ಒಯ್ಯುತ್ತಿದ್ದಾಳೆ ಪಾಪ ಅಂದುಕೊಂಡಿದ್ದಾಳೆ. ಅಥವಾ ತನ್ನನ್ನು ಋಣದಲ್ಲಿ ಕೆಡವಬೇಕೆಂದು ಮಾಡಿದ್ದಾಳೆ. ಅಥವಾ ಆವತ್ತು ಮುಚ್ಚಿದ ಬಾಯನ್ನು ಇವತ್ತು ತೆರೆದು ಸರಿಮಾಡಿದ್ದಾಳೆ. ಅಥವಾ, ಅಥವಾ. ಮುನಿರತ್ನಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎದುರಿಗೆ ಒಬ್ಬ ಹೆಂಗಸು ಮುದುಡಿದ ಕೈಯಿಂದ ಸೆರಗಿನ ತುದಿಯನ್ನು ಹಿಡಿಯಲು ನೋಡುತ್ತಿದ್ದಾಳೆ, ಹಿಡಿಯಲು ಆಗುತ್ತಿಲ್ಲ. ಆ ಕೈಗೆ ಈ ವಯಸ್ಸಿನಲ್ಲಿ ಯಾವ ಮನೆಯ ಬಾಗಿಲು ತೆರೆದೀತು? ಇದನ್ನು ನೋಡಿದ ಮೇಲೂ ಅಥವಾ ಅನ್ನುವ ಮಾತು ಮುಗಿಯುವುದಿಲ್ಲವಲ್ಲ, ತಾಯಿ.

ಅಮ್ಮನಾದರೋ ಕೇಳಿದ್ದನ್ನು ಕೊಟ್ಟುಬಿಟ್ಟಿದ್ದಳು. ಇಟ್ಟುಕೊಳ್ಳುವುದು ಬಿಡುವುದು ಕೇಳಿದವಳ ಪಾಲು.

ಮುನಿರತ್ನಮ್ಮ ಚೀಲವನ್ನು ಮೇಜಿನ ಮೇಲಿಟ್ಟು ಒಳಗೆ ಕೈ ಹಾಕಿದಳು. ನ್ಯೂಸ್ ಪೇಪರನ್ನು ಬಿಡಿಸಿದಾಗ ಸಕ್ಕರೆ ಇನ್ನೂ ಹಸಿಯಾಗಿತ್ತು, ಒಂದು ಕಡೆಯ ಹಲ್ಲು ಕಾಗದಕ್ಕೆ ಅಂಟಿ ಹೋಗಿತ್ತು. ಎರಡೂ ಕಣ್ಣುಗಳನ್ನು ಹೆಬ್ಬೆರಳಿನಿಂದ ಒರೆಸಿ ಅಳಿಸಿದಳು; ಕಣ್ಣಿಲ್ಲದ್ದು ಬರೀ ಸಕ್ಕರೆ. "ರತ್ನಮ್ಮ, ಬ್ಯಾಡ," ಅಂದಳು ಕನಕಮ್ಮ, ಉಸಿರಿನಷ್ಟೇ ಸಣ್ಣಗೆ. ಹೊರಗೆ ತೇವ ಹಾಗೇ ಕವಿದಿತ್ತು. ಅವಳು ಆ ಕುರುಡು ಡೋನಟ್ಟನ್ನು ಕೊನೆಯ ಸಾಲಿನ ಕೊನೆಯಲ್ಲಿ, ಅದರದೇ ಜಾಗದಲ್ಲಿ ಇಟ್ಟಳು. ಆಮೇಲೆ ನಂಬಬಹುದು ಅಂತ ಬರೆದಿದ್ದ ಆ ನೀಲಿ ಹಾಳೆಯನ್ನು ತೆಗೆದು, ಮಡಿಕೆ ಬಿಚ್ಚದೆ, ದೊರೆಸಾನಿಯ ಕೈಗೆ ವಾಪಸು ಕೊಟ್ಟಳು.